ತಲುಪದ ರಕ್ತವರದಿ

ದೂರು ಬಂದದ್ದು ಸೋಮವಾರ ಬೆಳಗ್ಗೆ. ತುರ್ತು ರಕ್ತವರದಿಯನ್ನು ಲ್ಯಾಬಿನವರು ಇಮೇಲಿನಲ್ಲಿ ಕಳಿಸಿದರೂ ವಾರ್ಡಿನ ನರ್ಸು ನೋಡಲಿಲ್ಲ, ಅಪ್ಪ ಹೋಗಿಬಿಟ್ಟರು ಎಂದು ಮಗನೊಬ್ಬ ಬರೆದುಕೊಟ್ಟ. ಎಫ್‌ಐಆರ್ ಆಯಿತು. ನರ್ಸನ್ನು ಸಂಜೆಯೊಳಗೆ ಬಂಧಿಸಬೇಕೆಂದು ಮೇಲಧಿಕಾರಿ ಮೂರು ಸಲ ಫೋನು ಮಾಡಿದರು. ಇನ್‌ಸ್ಪೆಕ್ಟರ್ ರೇಗಿ, ಮತ್ತೆ ಕರೆ ಬಾರದಂತೆ ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ಆಸ್ಪತ್ರೆಗೆ ಹೊರಟರು.

ನರ್ಸು ಅಳಲಿಲ್ಲ. ವಾರ್ಡಿನ ಕಂಪ್ಯೂಟರನ್ನು ಅವರತ್ತ ತಿರುಗಿಸಿದಳು.

"ಬಂದಿದ್ರೆ ಇಲ್ಲಿರ್ಬೇಕಿತ್ತಲ್ಲ ಸಾರ್?"

"ಅಳಿಸಿರ್ಬಹುದು."

"ಅಳಿಸೋಕಾದ್ರೂ ಕಣ್ಣಿಗೆ ಬಿದ್ದಿರ್ಬೇಕಲ್ಲ."

ಲ್ಯಾಬಿನಲ್ಲಿ ಮೇಲ್ ಕಳಿಸಿದ ಗುರುತಿತ್ತು. ಲ್ಯಾಬಿನವರಾಗಲಿ ನರ್ಸಾಗಲಿ ಸುಳ್ಳು ಹೇಳುವಂತೆ ಕಾಣಲಿಲ್ಲ. ಇನ್‌ಸ್ಪೆಕ್ಟರಿಗೆ ಅದೇ ಕಿರಿಕಿರಿ. ಮೇಲ್ ಸರ್ವರ್ ನೋಡಿಕೊಳ್ಳುವವನನ್ನು ಕರೆಸಿದರು. ವೈರಸ್ ಇರುವ ಫೈಲು, ಪಾಸ್‌ವರ್ಡ್ ಹಾಕಿದ ಫೈಲು ಸರ್ವರಿನಲ್ಲೇ ನಿಲ್ಲುತ್ತದೆ. ನಿಂತರೆ ಕಳಿಸಿದವರಿಗೆ, ಪಡೆಯುವವರಿಗೆ, ತನಗೆ, ಮೂವರಿಗೂ ಸೂಚನೆ ಹೋಗುತ್ತದೆ. ವರದಿ ಕಳಿಸಿದ ದಿನ ಯಾವುದೂ ನಿಂತಿಲ್ಲ ಎಂದು ಆತ ಗಿಣಿಯಂತೆ ಒಪ್ಪಿಸಿದ. ತಡೆದ ಮೇಲ್‌ಗಳ ಜಾಗ ಇಡೀ ವಾರ ಖಾಲಿಯಿತ್ತು.

"ಇಷ್ಟು ದೊಡ್ಡ ಆಸ್ಪತ್ರೇಲಿ ಒಂದು ಕೆಟ್ಟ ಮೇಲೂ ಸಿಕ್ಕಿಲ್ವ?" ಜೊತೆಗೆ ಬಂದಿದ್ದ ಸೈಬರ್ ವಿಭಾಗದ ಕಾನ್‌ಸ್ಟೇಬಲ್ ಗೊಣಗಿದಳು. "ನಮ್ಮ ಠಾಣೆಗೇ ದಿನಾ ನಾಲ್ಕು ಬರ್ತವೆ, ಲಾಟರಿ ಹೊಡೀತು ಅಂತ."

ಪಂಚರನ್ನು ಕರೆಸಿ ಪಂಚನಾಮೆ ಶುರುಮಾಡಿದರು. ಲ್ಯಾಬಿನ ಮತ್ತು ವಾರ್ಡಿನ ಮೇಲ್‌ಗಳನ್ನು ಅಕ್ಕಪಕ್ಕ ತೆರೆದಿಟ್ಟು, ಎಲ್ಲರ ಫೋನುಗಳನ್ನೂ ಸ್ಟೀಲಿನ ತಟ್ಟೆಯಲ್ಲಿ ಹಾಕಿಸಿದರು. ಕಾನ್‌ಸ್ಟೇಬಲ್ ಲ್ಯಾಬಿನಿಂದ ವಾರ್ಡಿಗೆ ಒಂದು ಪರೀಕ್ಷಾ ಫೈಲು ಕಳಿಸಿದಳು. ಅದರಿಂದ ಹಾನಿಯಿಲ್ಲ, ಆದರೆ ಸರ್ವರ್ ಅದನ್ನು ವೈರಸ್ ಎಂದೇ ಹಿಡಿಯುತ್ತದೆ.

ಎರಡು ಪರದೆಗಳೂ ಮಿಸುಕಲಿಲ್ಲ. ತಟ್ಟೆಯಲ್ಲಿ ಒಂದೇ ಒಂದು ಫೋನು ಗಡಗಡ ನಡುಗಿತು.

"ಎತ್ಕೊಳ್ರೀ, ನಿಮ್ದೇ," ಎಂದರು ಇನ್‌ಸ್ಪೆಕ್ಟರ್, ಸರ್ವರಿನವನತ್ತ ತಿರುಗಿ. "ಉಳಿದಿಬ್ಬರಿಗೆ ಯಾಕೆ ಬರ್ಲಿಲ್ಲ?"

ಸರ್ವರಿನವನು ಫೋನು ಎತ್ತಿಕೊಂಡ. ಉಳಿದವರ ಸೂಚನೆಗಳನ್ನು ತಿಂಗಳ ಹಿಂದೆ ತಾನೇ ನಿಲ್ಲಿಸಿದ್ದೆನೆಂದ. ಲ್ಯಾಬಿನವರು ವರದಿಗೆ ಪಾಸ್‌ವರ್ಡ್ ಹಾಕಿದ್ದರಿಂದ ಅದು ಸರ್ವರಿನಲ್ಲೇ ನಿಂತಿತ್ತು. ತನಗೆ ಬಂದ ಸೂಚನೆ ನೋಡಿ, ಊಟ ಮುಗಿಸಿ ಅದನ್ನು ವಾರ್ಡಿಗೆ ಬಿಡೋಣವೆಂದುಕೊಂಡು ಮರೆತಿದ್ದ. ಸಾವಿನ ಸುದ್ದಿ ಕೇಳಿ ಆ ವಾರದ್ದನ್ನೆಲ್ಲ ಅಳಿಸಿಹಾಕಿದ್ದ. ಸರ್ವರಿನ ನಕಲು ಪ್ರತಿಯಲ್ಲಿ ವರದಿ ಹಾಗೇ ಸಿಕ್ಕಿತು.

ಸಂಜೆ ನಾಲ್ಕಕ್ಕೆ ಅವನ ಬಂಧನವಾಯಿತು. ನರ್ಸು ಡ್ಯೂಟಿ ಮುಗಿಸಿ ಮನೆಗೆ ಹೋದಳು.

ಜೀಪಿನಲ್ಲಿ ಅವನೇ ಬಾಯಿಬಿಟ್ಟ. "ಒಂದೊಂದು ಸೂಚನೆಗೂ ಹತ್ತು ಜನ ಫೋನ್ ಮಾಡಿ ಮರ್ಯಾದೆ ತೆಗೀತಿದ್ರು ಸಾರ್. ನಿಲ್ಲಿಸಿದ್ಮೇಲೆ ಒಬ್ರೂ ಬೈಲಿಲ್ಲ. ಎಲ್ಲಾ ಸರಿಹೋಯ್ತು ಅಂದ್ಕೊಂಡೆ."

ಬೈಯಲು ಬಾಯಿ ತೆರೆದ ಇನ್‌ಸ್ಪೆಕ್ಟರ್, ಬದಲಿಗೆ ಡ್ರೈವರನಿಗೆ ಜೀಪನ್ನು ಬೇಗ ಓಡಿಸಲು ಹೇಳಿದರು.

ಠಾಣೆಯ ಮೇಜಿನ ಮೇಲೆ ರಿಸೀವರು ಬೆಳಗ್ಗೆ ಮಲಗಿಸಿದಂತೆಯೇ ಬಿದ್ದಿತ್ತು. ಅವರು ಅದನ್ನು ಎತ್ತಿ ಸ್ವಸ್ಥಾನದಲ್ಲಿಟ್ಟರು. ಕೈ ತೆಗೆಯುವ ಮುಂಚೆಯೇ ಫೋನು ಬಡಿದುಕೊಳ್ಳತೊಡಗಿತು.