ಎಡಗಾಜಿನ ಮಬ್ಬು

ಹಳೆಯ ಜೋಡಿಚಿತ್ರಗಳನ್ನು ಕೂಡಿಡುವುದು ನನ್ನ ಹುಚ್ಚು. ರಟ್ಟಿನ ಮೇಲೆ ಅಕ್ಕಪಕ್ಕ ಒಂದೇ ನೋಟದ ಎರಡು ಫೋಟೋ ಅಂಟಿಸಿರುತ್ತಾರೆ. ಕಣ್ಣಿಗೊಂದರಂತೆ ಎರಡು ಗಾಜಿರುವ ಮರದ ಪೆಟ್ಟಿಗೆಯಲ್ಲಿಟ್ಟು ನೋಡಿದರೆ ಆ ಕೋಣೆಯೊಳಗೇ ಕಾಲಿಟ್ಟಂತಾಗುತ್ತದೆ.

ಹೊಸದಾಗಿ ತಂದ ಚಿತ್ರದಲ್ಲಿ ಇದ್ದದ್ದು ಒಂದು ಖಾಲಿ ಕುರ್ಚಿ, ಅಷ್ಟೇ. ಅಜ್ಜಿ ಮಾತ್ರ ಪೆಟ್ಟಿಗೆಯಲ್ಲಿ ಇಣುಕಿ, "ಯಾರೇ ಈ ಹುಡುಗಿ? ನನ್ನನ್ನೇ ದುರುಗುಟ್ಟಿ ನೋಡ್ತಾಳಲ್ಲ!" ಎಂದಳು.

"ಅರಳುಮರಳು ಶುರುವಾಯ್ತು. ನಾಳೆನೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ," ಎಂದಳು ಅಮ್ಮ.

ನನಗಿದ್ದ ಅನುಮಾನವೇ ಬೇರೆ. ಕಥೆ ಹೇಳಿ ಹೇಳಿ ನನ್ನನ್ನು ಬೆಳೆಸಿದ ಅಜ್ಜಿ ಈಗಲೂ ಆಟ ಆಡಿಸುತ್ತಿದ್ದಾಳೆ. ಆದರೆ ಅವಳು ನೋಡಿಟ್ಟಾಗಲೆಲ್ಲ ಎಡಗಾಜಿನ ಮೇಲೆ ಉಸಿರು ತಾಕಿದಂತೆ ಮಬ್ಬು ಕೂತಿರುತ್ತಿತ್ತು. ಅವಳ ಎಡಗಣ್ಣು ಚಿಕ್ಕಂದಿನಿಂದಲೂ ಕುರುಡು.

ಕಳ್ಳಾಟ ಹಿಡಿಯಲೆಂದು ಅವಳಿಗೆ ಗೊತ್ತಾಗದಂತೆ ಚಿತ್ರವನ್ನು ತಿರುಗಿಸಿಟ್ಟೆ. ಈಗ ಗಾಜಿನೆದುರು ಇದ್ದದ್ದು ಬರೀ ಬೋಳು ರಟ್ಟು.

"ಹೇಗಿದಾಳಜ್ಜಿ ನಿನ್ನ ಗೆಳತಿ?"

"ಏನೇ ಮಾಡಿದೆ ಅವಳಿಗೆ? ಮುನಿಸಿಕೊಂಡು ಬೆನ್ನು ತಿರುಗಿಸಿ ಕೂತಿದಾಳೆ."

ಅಜ್ಜಿ ತನ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು. ಪೆಟ್ಟಿಗೆ ಕಿತ್ತುಕೊಂಡು ಎಡಗಾಜನ್ನು ಬಟ್ಟೆಯಿಂದ ಉಜ್ಜಿ ಉಜ್ಜಿ ಒರೆಸಿದೆ. ಮಬ್ಬು ಹೋಗಲಿಲ್ಲ. ಅದು ಇದ್ದದ್ದು ಗಾಜಿನ ಆಚೆ, ಚಿತ್ರದ ಕಡೆಗೆ.