ಸೂಜಿ ದಾರವನ್ನೂ ಒಯ್ದ ಕಳ್ಳ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಬೈಂಡಿಂಗ್ ಅಂಗಡಿಯ ಯಜಮಾನರು ಠಾಣೆಗೆ ಬಂದು ದೂರು ಕೊಟ್ಟರು. ಗ್ರಂಥಾಲಯದಿಂದ ರಿಪೇರಿಗೆ ಬಂದಿದ್ದ ಇನ್ನೂರು ವರ್ಷ ಹಳೆಯ ಸಚಿತ್ರ ಕಾದಂಬರಿ ಕಾಣೆಯಾಗಿತ್ತು. ಕತ್ತೆಗಳ ರಾಜ್ಯಕ್ಕೆ ರಾಯಭಾರಿಯಾಗಿ ಹೋದ ದರ್ಜಿಯೊಬ್ಬನ ಸಾಹಸದ ಕತೆ ಅದು. ಓದಿದವರೆಲ್ಲ ತಮ್ಮೂರಿನ ಅಧಿಕಾರಿಗಳನ್ನು ನೆನೆದು ನಗುತ್ತಿದ್ದರು. ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಅಂಗಡಿಗೆ ಹೊರಟರು.

ಪುಸ್ತಕವಿಟ್ಟಿದ್ದ ಬೀರುವಿನ ಬೀಗ ಮುರಿದಿರಲಿಲ್ಲ. ಪಂಚನಾಮೆ ಬರೆಯುತ್ತಿದ್ದ ಮಹಿಳಾ ಕಾನ್‌ಸ್ಟೇಬಲ್ ತಲೆಯೆತ್ತಿದಳು.

"ಸಾರ್, ಸೂಜಿ, ದಾರ, ಅಂಟಿನ ಡಬ್ಬಿನೂ ಇಲ್ಲ. ಕದ್ದು ಮಾರೋನಿಗೆ ಇವೆಲ್ಲ ಯಾಕೆ?"

ಇನ್‌ಸ್ಪೆಕ್ಟರ್ ಯಜಮಾನರತ್ತ ತಿರುಗಿದರು. "ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಒಂದು, ನಮ್ಮ ಹಿರೀ ಕೆಲಸಗಾರನ ಹತ್ರ ಒಂದು. ಇಪ್ಪತ್ತೆರಡು ವರ್ಷದಿಂದ ಇದಾನೆ. ಇವತ್ತು ಜ್ವರ ಅಂತ ಬಂದಿಲ್ಲ."

"ಈ ಪುಸ್ತಕ ಹೊಲಿಯೋ ಕೆಲಸ ಅವನಿಗೇ ಕೊಟ್ಟಿದ್ರಾ?"

"ಇಲ್ಲ, ಹೊಸಬಳಿಗೆ ಕೊಟ್ಟೆ. ಬಂದು ವರ್ಷ ಆಗಿಲ್ಲ, ಆದ್ರೆ ಬಲು ಚುರುಕು."

ಹೊಸಬಳು ಅತ್ತು ಅತ್ತು ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು. "ಶನಿವಾರ ಸಂಜೆ ಹಾಳೆ ಬಿಚ್ಚಿ, ಜೋಡಿಸಿ ಬೀರುನಲ್ಲಿಟ್ಟೆ ಸಾರ್. ಆಮೇಲೆ ಎರಡು ದಿನ ರಜೆ ಇತ್ತು."

ಹನ್ನೆರಡೂ ಮುಕ್ಕಾಲಿಗೆ ಇನ್‌ಸ್ಪೆಕ್ಟರ್ ಹಿರಿಯ ಕೆಲಸಗಾರನ ಮನೆಯ ಬಾಗಿಲು ತಟ್ಟಿದರು. ತೆರೆದ ಹೆಂಡತಿಯನ್ನು, ಅವನ ಜ್ವರ ಹೇಗಿದೆ ಎಂದು ಕೇಳಿದರು.

"ಜ್ವರಾನಾ? ಎರಡು ದಿನದಿಂದ ಊಟಕ್ಕೆ ಕರೆದ್ರೂ ಏಳದೆ ಹೊಲೀತಾ ಕೂತಿದಾರೆ."

ಒಳಗೆ, ಎರಡು ಇಟ್ಟಿಗೆಗಳ ಭಾರದ ಕೆಳಗೆ, ಹೊಸ ಚರ್ಮದ ರಟ್ಟು ತೊಟ್ಟ ಪುಸ್ತಕ ಒಣಗುತ್ತಿತ್ತು. ಪಕ್ಕದಲ್ಲೇ ಕೂತಿದ್ದ ಹಿರಿಯ ಕೆಲಸಗಾರ ಓಡಲಿಲ್ಲ.

"ತಂದದ್ದು ನೀನೇನಾ?"

"ಹೌದು."

"ಯಾಕೆ?"

"ಅವಳು ಬಂದ ಮೇಲೆ ಯಜಮಾನ್ರು ನನ್ನ ಕೆಲಸ ಮುಟ್ಟಿ ನೋಡೋದನ್ನೇ ಬಿಟ್ರು. ಅವಳ ಹೆಸರೆತ್ತಿದ್ರೆ ಮುಖ ಅರಳುತ್ತೆ. ಹೊಟ್ಟೆ ಉರೀತು ಸಾರ್. ಇದನ್ನ ಮುಗಿಸಿ ಅವರ ಮೇಜಿನ ಮೇಲಿಡ್ಬೇಕು ಅಂತಿದ್ದೆ. ಒಂದ್ಸಲ ನೋಡ್ಲಿ ಅಂತ."

ಒಂದೂ ಹತ್ತಕ್ಕೆ ಅವನನ್ನು ಬಂಧಿಸಿದರು. ಪುಸ್ತಕ ಗುರುತಿಸಲು ಯಜಮಾನರೂ ಹೊಸಬಳೂ ಠಾಣೆಗೆ ಬಂದರು. ಯಜಮಾನರು ಕನ್ನಡಕ ಏರಿಸಿ, ಚಿತ್ರಗಳೆಲ್ಲ ಇವೆಯೇ ಎಂದು ಒಂದೊಂದಾಗಿ ಎಣಿಸತೊಡಗಿದರು.

ಹೊಸಬಳು ತೆರೆದ ಹಾಳೆಗಳ ನಡುವಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು. ಬೆಂಚಿನ ಮೇಲೆ ಕೂತಿದ್ದವನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಇಷ್ಟು ಸಮವಾಗಿ ಹೊಲಿಯೋಕೆ ನನಗೆ ಬರಲ್ಲ ಅಣ್ಣ."

ಅವನು ಅವಳ ಮುಖ ನೋಡಲಿಲ್ಲ. ಚಿತ್ರ ಎಣಿಸುತ್ತಿದ್ದ ಯಜಮಾನರನ್ನೇ ನೋಡುತ್ತಿದ್ದ.