ಅಕ್ಕವ್ವ ಹೇಳದ ಸಾಲುಗಳು

ಶ್ರಾವಣ ಸೋಮವಾರದ ದಿನ ಅಕ್ಕವ್ವನವರಿಗೆ ಮಿರ್ಚಿ ಭಜಿ ತಿನ್ನಿಸಿದ ಪಾಪ ನನ್ನದು. ಬಾಯಿಗಲ್ಲ, ಈಮೇಲಿನಲ್ಲಿ.

ಮೊದಲಿನಿಂದ ಹೇಳುತ್ತೇನೆ. 2006ರಲ್ಲಿ ವಿಜಯನಗರದಿಂದ ಹೊಸಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸೈಬರ್ ಸೆಂಟರ್ ಇತ್ತು. ಆರು ಕಂಪ್ಯೂಟರ್, ಎರಡು ಫ್ಯಾನ್, ಒಬ್ಬ ಗಿರಿರಾಜ್, ಅಂದರೆ ನಾನು. ಹಿಂದಿನ ಬೀದಿಯಲ್ಲಿ ಬಾಗಲಕೋಟೆ ಕಡೆಯ ಅಕ್ಕವ್ವನವರು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದರು. ಅವರ ಒಬ್ಬಳೇ ಮಗಳು ಸುವರ್ಣಾಗೆ ಐರ್ಲೆಂಡಿನ ಕಾರ್ಕ್ ಎಂಬ ಊರಿನಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಜನವರಿಯಲ್ಲಿ, ಹೊರಡುವ ಹಿಂದಿನ ದಿನ, ತಾಯಿಯ ಹೆಸರಿನಲ್ಲಿ ಒಂದು ಐಡಿ ಮಾಡಿಸಲು ಬಂದಳು.

"ನಮ್ಮವ್ವಗ ಓದಾಕ ಬರೂದಿಲ್ರಿ. ನನ್ನ ಮೇಲ್ ನೀವ ಓದಿ ಹೇಳ್ರಿ. ಅಕಿ ಹೇಳಿದ್ದನ್ನ ಬರೀರಿ."

"ಆಯ್ತು ಬಿಡಿ, ನಾನು ನೋಡ್ಕೋತೀನಿ."

ಬಾಗಿಲ ತನಕ ಹೋದವಳು ತಿರುಗಿ ನಿಂತಳು. ಒಂದು ಹುಬ್ಬು ತುಸು ಮೇಲೇರಿತ್ತು. "ಅಕಿ ಹೇಳಿದ್ದಷ್ಟ ಬರೀರಿ ಮತ್ತ."

ಆ ಹುಬ್ಬು ನನ್ನ ತಲೆಯಿಂದ ಇಳಿಯಲಿಲ್ಲ. ಸುಳ್ಳು ಯಾಕೆ ಹೇಳಲಿ.

ವಾರಕ್ಕೆರಡು ಸಲ, ರೊಟ್ಟಿ ಕೆಲಸ ಮುಗಿಸಿ ಅಕ್ಕವ್ವನವರು ಬರುತ್ತಿದ್ದರು. ಸುವರ್ಣಾ ಇಂಗ್ಲಿಷ್ ಅಕ್ಷರದಲ್ಲಿ ಉದ್ದುದ್ದ ಕನ್ನಡ ಬರೆದಿರುತ್ತಿದ್ದಳು. ನಾಲ್ಕೂವರೆಗೇ ಕತ್ತಲಾಗುವ ಊರು, ಒದ್ದೆ ಕೋಟು, ಯಾರ ಮಾತೂ ತಿಳಿಯದ ವಾರ್ಡು. ಆಮೇಲೆ ನಿಧಾನವಾಗಿ ಇಂಟರ್ನೆಟ್ಟಿನಲ್ಲಿ ಒಂದೊಂದೇ ಸಿಗತೊಡಗಿತು. ಬಸ್ಸಿನ ಟೈಮು ಹೇಳುವ ಸೈಟು. ಜೋಳದ ಹಿಟ್ಟು ಪೋಸ್ಟಿನಲ್ಲಿ ಕಳಿಸುವ ಅಂಗಡಿ. ಚರ್ಚಿನ ಗೋಪುರದ ಮೇಲಿನ ಗಿಡುಗದ ಗೂಡನ್ನು ಹಗಲೆಲ್ಲ ತೋರಿಸುವ ಕ್ಯಾಮೆರಾ. "ಮೂರು ತತ್ತಿ ಅದಾವ, ನೀನೂ ನೋಡವ್ವಾ" ಎಂದು ಲಿಂಕ್ ಹಾಕಿದ್ದಳು.

ಅಕ್ಕವ್ವನವರು ಒಂದು ಕ್ಷಣ ನೋಡಿ, "ಪಾಪ, ಮಳ್ಯಾಗ ಕುಂತೈತಿ" ಎಂದು ಮುಖ ತಿರುಗಿಸಿದರು. ಅವರು ಹೇಳಿ ಬರೆಸುತ್ತಿದ್ದುದು ಯಾವಾಗಲೂ ಮೂರೇ ಸಾಲು. "ನಾ ಆರಾಮ ಅದೀನಿ. ಹೊತ್ತಿಗೆ ಸರಿಯಾಗಿ ಉಣ್ಣು. ಕಿವಿ ಮುಚ್ಚಿಕೋ."

ಅಷ್ಟುದ್ದ ಬರೆದ ಹುಡುಗಿಗೆ ಮೂರು ಸಾಲು ಕಳಿಸಲು ನನಗೆ ಮನಸ್ಸು ಬರಲಿಲ್ಲ. ಒಂದು ದಿನ ನಾಲ್ಕನೆಯ ಸಾಲು ಸೇರಿಸಿದೆ, ಅವರದೇ ಮಾತಿನ ಧಾಟಿಯಲ್ಲಿ. ಮೂಲೆ ಮನೆಯ ಹೊಂಗೆ ಮರ ಹೂ ಬಿಟ್ಟಿದೆ ಅಂತ. ಮುಂದಿನ ಸಲ ಐದು ಸಾಲಾಯಿತು. ಆಮೇಲೆ ಲೆಕ್ಕ ತಪ್ಪಿತು. ಆಕಾಶದಿಂದ ತೆಗೆದ ಫೋಟೋಗಳ ಸೈಟಿನಲ್ಲಿ ಅರ್ಧ ದಿನ ಹುಡುಕಿ, ಅವರ ಮಾಳಿಗೆಯ ಮೇಲಿನ ನೀಲಿ ಡ್ರಮ್ಮನ್ನು ಪತ್ತೆ ಹಚ್ಚಿ ಕಳಿಸಿದೆ.

"ಡ್ರಮ್ ನೋಡಿ ಅತ್ತುಬಿಟ್ಟೆ ಅವ್ವಾ" ಎಂದು ಉತ್ತರ ಬಂತು. "ಆಮ್ಯಾಲ ಚಹಾ ಮಾಡಿಕೊಂಡು ಕುಡಿದೆ. ಇವತ್ತು ಈ ಊರು ಅಷ್ಟೇನೂ ದೂರ ಅನಿಸಲಿಲ್ಲ."

ಅವತ್ತು ಗೊತ್ತಾಯಿತು, ನಾನು ಕೆಟ್ಟೆ ಅಂತ. ಆ ಹುಡುಗಿ ನನಗೆ ಬೇಕಾಗಿದ್ದಳು. ನಾನೋ ಅವಳ ತಾಯಿಯಾಗಿ ಕೂತಿದ್ದೆ.

ಶ್ರಾವಣ ಬಂತು. ಒಂದು ಸೋಮವಾರ ಜಿಟಿಜಿಟಿ ಮಳೆ. ನಾನು ಬಿಸಿ ಭಜಿ ತಿಂದ ಖುಷಿಯಲ್ಲಿ ಅದನ್ನೂ ಬರೆದೆ. "ಇವತ್ತು ಮಧ್ಯಾಹ್ನ ನಾಕ ಮಿರ್ಚಿ ಭಜಿ ತಿಂದೆ, ಕಣ್ಣಾಗ ನೀರು ಬಂತು."

ಅದಾದ ಮೇಲೆ ಸುವರ್ಣಾಳ ಮೇಲ್‌ಗಳಲ್ಲಿ ವಿಚಿತ್ರ ಪ್ರಶ್ನೆಗಳು ಶುರುವಾದವು. ಅವ್ವಾ, ನಿನಗ ಕ್ರಿಕೆಟ್ ಸೇರತೈತೇನು? ಅವ್ವಾ, ಸಂಜಿಮುಂದ ಒಬ್ಬಕೀನ ಇದ್ದಾಗ ಏನ್ ವಿಚಾರ ಮಾಡ್ತಿ? ಡ್ರಮ್ಮಿನ ಮಾತಿನ ಹಾಗೆ ಇವನ್ನೂ ನಾನು ಅಕ್ಕವ್ವನವರಿಗೆ ಓದದೆ ನುಂಗಿದೆ. ನುಂಗಿದ್ದಷ್ಟೇ ಅಲ್ಲ, ಉತ್ತರವನ್ನೂ ಬರೆದೆ. ಸೇರತೈತಿ. ನಿನ್ನ ವಿಚಾರನ ಮಾಡ್ತೀನಿ.

ದಸರಾ ಹೊತ್ತಿಗೆ ಮೂರು ವಾರ ರಜೆ ಹಾಕಿ ಬರುತ್ತಿದ್ದೇನೆ ಎಂದು ಬರೆದಳು. ಅದನ್ನು ಓದಿ ಹೇಳುವಾಗ ಒಂದೇ ಸಾಲನ್ನು ಎರಡು ಸಲ ಓದಿದೆ. ಅಕ್ಕವ್ವನವರು, "ಯಾಕಪಾ, ಆರಾಮಿಲ್ಲೇನು?" ಎಂದು ಕೇಳಿದರು. ತಾಯಿ ಮಗಳು ಎದುರೆದುರು ಕೂತು ಎರಡು ಮಾತಾಡಿದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಅವಳು ನನ್ನನ್ನು ಬೈದರೆ ಬೈಯಲಿ. ಬರೆಯುವುದನ್ನೇ ಬಿಟ್ಟರೆ ಏನು ಮಾಡುವುದು?

ಬಂದ ಮರುದಿನ ಬೆಳಿಗ್ಗೆಯೇ ಸೆಂಟರಿಗೆ ಬಂದಳು. ಸ್ವಲ್ಪ ತೆಳ್ಳಗಾಗಿದ್ದಳು. ರಿಜಿಸ್ಟರಿನಲ್ಲಿ ಹೆಸರು ಬರೆದು, ನನ್ನ ಮುಖ ಒಮ್ಮೆ ನೋಡಿ, ನಾಲ್ಕನೇ ಸಿಸ್ಟಮ್ಮಿಗೆ ಹೋಗಿ ಕೂತಳು. ಐದು ನಿಮಿಷಕ್ಕೆ ಕೌಂಟರಿನ ಕಂಪ್ಯೂಟರಿನಲ್ಲಿ ಅಕ್ಕವ್ವನವರ ಐಡಿಗೆ ಮೇಲ್ ಬಂತು.

"ಅವ್ವಾ, ಮೂವತ್ತು ವರ್ಷದಿಂದ ಶ್ರಾವಣ ಸೋಮವಾರ ಹೊತ್ತು ಮುಳುಗೂತನಾ ನೀ ನೀರು ಸೈತ ಮುಟ್ಟಿಲ್ಲ. ಭಜಿ ತಿಂದಿ ಅಂತ ಓದಿ ನನಗ ಗಾಬರಿ ಆಗಿ ಬಾಜೂ ಮನಿಗೆ ಫೋನ್ ಮಾಡಿದೆ. ನೀ ಆರಾಮಿದ್ದಿ, ಒಪ್ಪತ್ತೂ ಬಿಟ್ಟಿರಲಿಲ್ಲ. ಹಂಗಾದ್ರ ಭಜಿ ತಿಂದವರು ಯಾರು?"

ಒಪ್ಪತ್ತಿನ ವಿಚಾರ ನನಗೆಲ್ಲಿ ಗೊತ್ತು. ನಮ್ಮ ಮನೆಯಲ್ಲಿ ಶನಿವಾರ. "ನಾನು" ಎಂದಷ್ಟೇ ಟೈಪ್ ಮಾಡಿ ಕಳಿಸಿದೆ.

"ಗೊತ್ತೈತಿ" ಎಂದು ಬಂತು.

ನಾನು ಎದ್ದು ಹೋಗಿ ಅವಳ ಕುರ್ಚಿಯ ಪಕ್ಕ ನಿಂತೆ. "ಸಾರಿ ರೀ. ನಿಮ್ಮಮ್ಮ ಹೇಳಿದ್ದಷ್ಟೇ ಬರೀಬೇಕಿತ್ತು. ಇಷ್ಟು ದಿನ ನಿಮಗೆ ಮೋಸ ಮಾಡ್ದೆ."

"ಆಗಸ್ಟಿನಿಂದ ಗೊತ್ತೈತ್ರಿ ನನಗ."

"ಮತ್ತೆ ಆ ಕ್ರಿಕೆಟ್ಟು, ಆ ಪ್ರಶ್ನೆಗಳು?"

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ತುಟಿಯ ತುದಿ ಮಾತ್ರ ನಡುಗಿತು, ನಗು ತಡೆದು. "ಅವನ್ನ ನಮ್ಮವ್ವಗ ಕೇಳಿದ್ದೆ ಅನ್ಕೊಂಡ್ರೇನು?"

ಪಕ್ಕದ ಸ್ಟೂಲ್ ಎಳೆದು ಕೂತೆ.

"ಮೊದಲ ಎರಡು ತಿಂಗಳು ದಿನಾ ವಾಪಸ್ ಬರೂ ವಿಚಾರ ಮಾಡ್ತಿದ್ದೆ" ಎಂದಳು. ಈಗ ದನಿ ಇಳಿದಿತ್ತು. "ಆಮ್ಯಾಲ ಹೊಂಗಿ ಮರ ಬಂತು, ಡ್ರಮ್ ಬಂತು. ಏನರ ಹೊಸಾದು ಸಿಕ್ಕರ ಸಾಕು, ಇದನ್ನ ಬರೀಬೇಕು ಅನಿಸ್ತಿತ್ತು. ಹಂಗ ಹುಡುಕಿಕೋತ ಹುಡುಕಿಕೋತ ಆ ಊರು ರೂಢಿ ಆತು. ಭಜಿ ಓದಿದ ಮ್ಯಾಲ ಸಿಟ್ಟು ಬಂದಿತ್ತು. ಒಂದ ದಿನ ಅಷ್ಟ. ಮರುದಿನ ಮತ್ತ ಮೇಲ್ ನೋಡಿದೆ."

"ನಂಗೆ ನೀವು ಇಷ್ಟ" ಎಂದೆ. ಚೆನ್ನಾಗಿ ಹೇಳಲು ಬರಲಿಲ್ಲ.

"ಅದೂ ಗೊತ್ತೈತಿ. 'ನಿನ್ನ ವಿಚಾರನ ಮಾಡ್ತೀನಿ' ಅಂತ ಬರದಿದ್ರಿ." ಈಗ ನನ್ನ ಕಡೆ ತಿರುಗಿದಳು. ಅದೇ ಹುಬ್ಬು ಮೇಲೇರಿತು. "ಇನ್ನೂ ಒಂದು ವರ್ಷದ ಕರಾರು ಐತಿ ನನ್ನದು. ಕಾಯ್ತೀರೇನು?"

"ಬರೀತಾ ಕಾಯ್ತೀನಿ."

"ನಿಮ್ಮ ಹೆಸರಿಲೆ ಬರೀರಿ."

ಅವತ್ತು ಮಧ್ಯಾಹ್ನ ಎರಡು ಸಲ ಊಟ ಮಾಡಿದೆ.

ಅವಳು ಮತ್ತೆ ಕಾರ್ಕಿಗೆ ಹೋದ ವಾರ ಅಕ್ಕವ್ವನವರು ಎಂದಿನಂತೆ ಬಂದರು. ಮೂರು ಸಾಲು ಹೇಳಿದರು. ನಾನು ಒಳ್ಳೆಯ ಹುಡುಗನಂತೆ ಮೂರೇ ಸಾಲು ಟೈಪ್ ಮಾಡಿ ಕಳಿಸಲು ಹೋದೆ.

"ಯಾಕಪಾ, ಇಷ್ಟ ಲಗೂ ಮುಗೀತು?" ಎಂದರು. "ಯಾವಾಗ್ಲೂ ನಾ ಮೂರು ಮಾತು ಹೇಳಿದ್ರ ನೀ ತಾಸುಗಟ್ಲೆ ಟಕಟಕ ಹೊಡೀತಿದ್ದಿ. ನನಗ ಓದಾಕ ಬರೂದಿಲ್ಲ ಖರೆ, ಕಿವಿ ಕೇಳಸತಾವು."

ನನ್ನ ಬೆರಳುಗಳು ಕೀಬೋರ್ಡಿನಿಂದ ತಾವಾಗಿಯೇ ಹಿಂದೆ ಸರಿದವು.

"ಮಗಳು ಎಲ್ಲಾ ಹೇಳ್ಯಾಳ" ಎನ್ನುತ್ತ ಅವರು ಸೆರಗು ಕೊಡವಿ ಎದ್ದರು. "ನಂದು ಕಳಿಸು. ಆಮ್ಯಾಲ ನಿಂದು ಬರಿ. ಸಾವಕಾಶ ಬರಿ, ನಾ ಹೊರಗ ಕುಂದರತೀನಿ."

ಹೊರಗೆ ಮೆಟ್ಟಿಲ ಮೇಲೆ ಕೂತು, ಬಾಗಿಲನ್ನು ಅವರೇ ಮುಂದೆ ಎಳೆದುಕೊಂಡರು.